ಬಳಕೆ ನಿಂತ ಕೋಬಾಲ್ಟ್ ಯಂತ್ರ ಹಳೇ ಕಟ್ಟಡದಲ್ಲಿದೆ: ಸಾಗಿಸುವ ತನಕ ಕಾಯುವುದು ಹೇಗೆ?

ಪ್ರಶ್ನೆ: ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಟ್ರಸ್ಟ್ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿಯಾಗಿದ್ದೇನೆ. ನಮ್ಮ ಕ್ಯಾನ್ಸರ್ ವಿಭಾಗ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿದೆ. ಅಲ್ಲಿ ಲಿನ್ಯಾಕ್ (ವಿದ್ಯುತ್ತಿನಿಂದ ಕಿರಣ ಹೊರಡಿಸುವ ಚಿಕಿತ್ಸಾ ಯಂತ್ರ) ಬಂದ ಮೇಲೆ ಹಳೇ ಕಟ್ಟಡದ ನೆಲಮಾಳಿಗೆಯ ಕೋಬಾಲ್ಟ್ ಯಂತ್ರ ನಾಲ್ಕು ವರ್ಷದಿಂದ ಹಾಗೇ ನಿಂತಿದೆ. ಅದರೊಳಗೆ ಸೋರ್ಸ್ (ವಿಕಿರಣ ಸೂಸುವ ಕೋಬಾಲ್ಟ್ ಮೂಲ) ಹಾಕಿ 14 ವರ್ಷವಾಯಿತು. ಹಾಕಿದಾಗ ಅದರ ಬಲ 370 ಟೆರಾಬೆಕೆರೆಲ್, ಅಂದರೆ 10,000 ಕ್ಯೂರಿ ಇತ್ತೆಂದು ದಾಖಲೆ ಹೇಳುತ್ತದೆ. ಈಗ ಟ್ರಸ್ಟಿನವರು ಆ ಕಟ್ಟಡ ಕೆಡವಿ ವಾಹನ ನಿಲುಗಡೆಗೆ ಜಾಗ ಮಾಡಬೇಕೆನ್ನುತ್ತಾರೆ. ವಾಚ್‌ಮನ್‌ಗಳು ಅಲ್ಲಿ ರಾತ್ರಿ ಕೂರಲು ಹೆದರುತ್ತಾರೆ. ಗುಜರಿಯವನೊಬ್ಬ ‘ಹಳೇ ಯಂತ್ರಕ್ಕೆ ರೇಟು ಹೇಳಿ’ ಎಂದು ಎರಡು ಸಲ ಬಂದು ಹೋದ. ಇಷ್ಟು ವರ್ಷವಾದ ಮೇಲೆ ಅದರ ಶಕ್ತಿ ಇಳಿದಿರುವುದಿಲ್ಲವೇ? ಕೋಣೆಯ ಬಾಗಿಲಿಗೆ ಗೋಡೆ ಕಟ್ಟಿ ಕಾಂಕ್ರೀಟ್ ಸುರಿದುಬಿಟ್ಟರೆ ಸಾಲದೇ? ಭಯೋತ್ಪಾದಕರು ಇಂಥದ್ದನ್ನು ಹುಡುಕುತ್ತಾರೆ ಎಂದು ಓದಿದ್ದೇನೆ, ಅದು ನಿಜವೇ? ಸಾಗಿಸುವವರೆಗೆ ನಾವು ಏನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕೋಣೆಯ ನಕ್ಷೆ, ಕೀಲಿಕೈ ಇಡುವ ಜಾಗ, ಕಾವಲಿನ ಪಾಳಿಯ ಹೊತ್ತು ಎಲ್ಲವೂ ಇದ್ದವು. ಅವನ್ನು ಮೇಲಿನ ಪ್ರಶ್ನೆಯಲ್ಲಿ ಬಿಟ್ಟಿದ್ದೇವೆ. ಇನ್ನು ಮುಂದೆ ಅಂಥ ವಿವರ ಇಮೇಲಿನಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹೋಗಬಾರದು. ಯಂತ್ರದ ಫೋಟೊ ಕೂಡ ಬೇಡ. ಭದ್ರತೆಯ ಮೊದಲ ಸೋರಿಕೆ ಆಗುವುದು ಇಲ್ಲೇ.

ನಿಮ್ಮ ಆತಂಕದಲ್ಲಿ ಎರಡು ಬೇರೆ ಬೇರೆ ಭಯಗಳು ಬೆರೆತಿವೆ. ಯಂತ್ರ ಇದ್ದಲ್ಲೇ ಇದ್ದು ಸುತ್ತಲಿನವರಿಗೆ ತೊಂದರೆ ಮಾಡುತ್ತದೆಯೇ ಎಂಬುದು ಒಂದು. ಅದು ಇದ್ದ ಜಾಗದಲ್ಲಿ ಇಲ್ಲದಂತಾದರೆ ಏನು ಗತಿ ಎಂಬುದು ಇನ್ನೊಂದು. ನಿಮ್ಮ ಸಿಬ್ಬಂದಿ ಮೊದಲನೆಯದಕ್ಕೆ ಹೆದರುತ್ತಿದ್ದಾರೆ. ನಿಜವಾಗಿ ಹೆದರಬೇಕಾದದ್ದು ಎರಡನೆಯದಕ್ಕೆ.

ಸೋರ್ಸ್ ‘ಆಫ್’ ಸ್ಥಾನದಲ್ಲಿ, ಹೆಡ್ಡಿನ (ಸೋರ್ಸ್ ಇರುವ ಯಂತ್ರದ ತಲೆಭಾಗದ) ಒಳಗೆ, ಸೀಸ ಮತ್ತಿತರ ಭಾರಲೋಹದ ಕವಚದ ನಡುವೆ ಇರುವಷ್ಟು ಕಾಲ ಹೊರಗೆ ಬರುವ ವಿಕಿರಣ ತೀರಾ ಕಡಿಮೆ. ಹೊಸ, ಪೂರ್ಣ ಬಲದ ಸೋರ್ಸ್ ಇದ್ದಾಗಲೂ ಹೆಡ್ಡಿನಿಂದ 1 ಮೀಟರ್ ದೂರದಲ್ಲಿ ಗಂಟೆಗೆ 20 ಮೈಕ್ರೋಸೀವರ್ಟ್ (ಸೀವರ್ಟ್ ಅಂದರೆ ಮೈಗೆ ತಗಲುವ ವಿಕಿರಣದ ಅಳತೆ, ಮೈಕ್ರೋ ಅದರ ಹತ್ತು ಲಕ್ಷದಲ್ಲೊಂದು ಭಾಗ) ಮೀರಬಾರದೆಂಬ ಮಾನದಂಡದಲ್ಲಿ ಈ ಯಂತ್ರಗಳು ತಯಾರಾಗುತ್ತವೆ. ನಿಮ್ಮದರಲ್ಲಿ ಈಗ ಅದರ ಒಂದಂಶವಷ್ಟೇ ಇರುತ್ತದೆ. ದಪ್ಪ ಕಾಂಕ್ರೀಟ್ ಗೋಡೆಯ ಆಚೆ, ಹೊರ ಕಾರಿಡಾರಿನಲ್ಲಿ, ಸರ್ವೇ ಮೀಟರ್ ತೋರಿಸುವುದು ಹೆಚ್ಚುಕಡಿಮೆ ಊರಿನ ಯಾವ ಮೂಲೆಯಲ್ಲಾದರೂ ತೋರಿಸುವ ಸಹಜ ಹಿನ್ನೆಲೆಯನ್ನೇ, ಅಂದರೆ ಗಂಟೆಗೆ 0.1 ರಿಂದ 0.2 ಮೈಕ್ರೋಸೀವರ್ಟ್. ವಾಚ್‌ಮನ್‌ಗಳಿಗೆ ಇದನ್ನು ಬಾಯಿಮಾತಲ್ಲಿ ಹೇಳಬೇಡಿ. ನಿಮ್ಮ ವಿಕಿರಣ ಸುರಕ್ಷತಾ ಅಧಿಕಾರಿಯನ್ನು (ಆರ್‌ಎಸ್‌ಒ) ಕರೆಸಿ, ಅವರ ಎದುರಿಗೇ ಅವರ ಕುರ್ಚಿಯ ಜಾಗದಲ್ಲಿ ಅಳೆಸಿ, ಆಸ್ಪತ್ರೆಯ ಗೇಟಿನಲ್ಲೂ ಅಳೆಸಿ, ಎರಡೂ ಸಂಖ್ಯೆ ಅವರೇ ಓದಲಿ. ಭಯಪಟ್ಟ ಕಾವಲುಗಾರ ಕೋಣೆಯಿಂದ ಆದಷ್ಟು ದೂರ ಕೂರುತ್ತಾನೆ. ಅಂದಮೇಲೆ ಈ ಭಯ ಭದ್ರತೆಯದೇ ಸಮಸ್ಯೆ. ಇನ್ನೊಂದು ಮಾತು: ಕೋಬಾಲ್ಟ್‌ನ ಗಾಮಾ ಕಿರಣ ತಾಗಿತೆಂದು ಗೋಡೆಯಾಗಲಿ ಮಂಚವಾಗಲಿ ವಿಕಿರಣಶೀಲ ಆಗುವುದಿಲ್ಲ, ಸೋರ್ಸ್ ತಾನಾಗಿ ಸಿಡಿಯುವುದೂ ಇಲ್ಲ.

ಈಗ ಶಕ್ತಿ ಇಳಿಯುವ ಪ್ರಶ್ನೆ. ಕೋಬಾಲ್ಟ್-60ರ ಅರ್ಧಾಯು, ಅಂದರೆ ಬಲ ಅರ್ಧಕ್ಕಿಳಿಯಲು ಬೇಕಾದ ಕಾಲ, 5.27 ವರ್ಷ. 14 ವರ್ಷದಲ್ಲಿ 370 ಟೆರಾಬೆಕೆರೆಲ್ ಇಳಿದು ಸುಮಾರು 59ಕ್ಕೆ ಬಂದಿದೆ. ಚಿಕಿತ್ಸೆಗೆ ಇದು ದುರ್ಬಲ, ರೋಗಿಯನ್ನು ಬಹಳ ಹೊತ್ತು ಮಲಗಿಸಬೇಕಾಗುತ್ತದೆ. ಆದರೆ ಕವಚದಿಂದ ಹೊರಬಿದ್ದರೆ? ಕೋಬಾಲ್ಟ್-60ರ 1 ಗಿಗಾಬೆಕೆರೆಲ್ 1 ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 0.35 ಮಿಲಿಸೀವರ್ಟ್ ಕೊಡುತ್ತದೆ. ನಿಮ್ಮಲ್ಲಿರುವುದು 59 ಟೆರಾಬೆಕೆರೆಲ್, ಅಂದರೆ 59,000 ಗಿಗಾಬೆಕೆರೆಲ್. ಲೆಕ್ಕ ಹಾಕಿದರೆ ಗಂಟೆಗೆ 20 ಸೀವರ್ಟ್. ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಸಾಯುವ ಪ್ರಮಾಣ 4 ರಿಂದ 5 ಸೀವರ್ಟ್. ಅಂದರೆ ಒಂದು ಮೀಟರ್ ದೂರದಲ್ಲಿ ಕಾಲು ಗಂಟೆ ಸಾಕು. ಕೈಯಲ್ಲಿ ಹಿಡಿದವನಿಗೆ ಅಷ್ಟೂ ಬೇಕಿಲ್ಲ. ವಾಸನೆ ಬರುವುದಿಲ್ಲ, ವಾಂತಿ ಶುರುವಾದಾಗ ಊಟದ್ದೇ ದೋಷ ಅಂದುಕೊಳ್ಳುತ್ತಾನೆ.

ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿಕಿರಣ ಮೂಲಗಳನ್ನು ಅಪಾಯಕ್ಕೆ ತಕ್ಕಂತೆ ಐದು ವರ್ಗ ಮಾಡಿದೆ. ಕೋಬಾಲ್ಟ್-60ಕ್ಕೆ 30 ಟೆರಾಬೆಕೆರೆಲ್ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಒಂದನೇ ವರ್ಗ, ಎಲ್ಲಕ್ಕಿಂತ ಅಪಾಯಕಾರಿ. ನಿಮ್ಮದು ಇನ್ನೂ ಐದು ವರ್ಷ ಆ ವರ್ಗದಲ್ಲೇ ಇರುತ್ತದೆ. ಮೂರನೇ ವರ್ಗದ ಕೆಳ ಅಂಚು 0.03 ಟೆರಾಬೆಕೆರೆಲ್, ಅಲ್ಲಿಗೆ ಇಳಿಯಲು 57 ವರ್ಷಕ್ಕೂ ಹೆಚ್ಚು ಬೇಕು. ‘ಕಾದರೆ ತಾನಾಗಿ ಸಾಯುತ್ತದೆ’ ಎಂಬ ಲೆಕ್ಕ ಇರಿಡಿಯಂ-192ಕ್ಕೆ ಸರಿ, ಅದರ ಅರ್ಧಾಯು 74 ದಿನ. ಕೋಬಾಲ್ಟ್‌ಗೆ ಆ ಲೆಕ್ಕ ಹಾಕಿದರೆ ನಿಮ್ಮ ಟ್ರಸ್ಟಿನ ಎರಡು ತಲೆಮಾರು ಕಾವಲು ಕಾಯಬೇಕು.

ಕಳ್ಳತನ ಯಾರು ಮಾಡುತ್ತಾರೆ ಎಂಬುದಕ್ಕೆ ಬರೋಣ. ದುರುದ್ದೇಶದವರ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಭದ್ರತಾ ನಿಯಮಗಳು ಅದನ್ನು ಗಮನದಲ್ಲಿಟ್ಟೇ ಬರೆದಂಥವು. ಆದರೆ ಪ್ರಾಣ ತೆಗೆದ ದೊಡ್ಡ ಘಟನೆಗಳನ್ನು ಸಾಲಾಗಿ ನೋಡಿದರೆ ಸಿಗುವುದು ಗುಜರಿಯ ಹಾದಿ. ಬ್ರೆಜಿಲ್‌ನ ಗೋಯಾನಿಯಾದಲ್ಲಿ ಒಂದು ಖಾಸಗಿ ರೇಡಿಯೊಥೆರಪಿ ಕೇಂದ್ರ 1985ರಲ್ಲಿ ಬೇರೆ ಕಟ್ಟಡಕ್ಕೆ ಹೋಯಿತು, ಹಳೇ ಯಂತ್ರವನ್ನು ಅಲ್ಲೇ ಬಿಟ್ಟಿತು. ಕಟ್ಟಡ ಅರ್ಧ ಒಡೆದು ನಿಂತಿತ್ತು. 1987ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಲೋಹದಾಸೆಗೆ ಹೆಡ್ಡನ್ನು ಕಿತ್ತು ಒಯ್ದರು. ಒಳಗಿದ್ದ ಸೀಸಿಯಂ-137ರ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತೆಂದು ಮನೆಮನೆಗೆ ಹಂಚಿಹೋಯಿತು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಹುಡುಗಿ. 249 ಮಂದಿಯ ಮೈಮೇಲೋ ಒಳಗೋ ಸೀಸಿಯಂ ಸೇರಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಥಾಯ್ಲೆಂಡ್‌ನ ಸಮುತ್ ಪ್ರಾಕಾನ್‌ನಲ್ಲಿ 2000ದ ಆರಂಭದಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ ಇಟ್ಟಿದ್ದ ಹಳೇ ಕೋಬಾಲ್ಟ್ ಹೆಡ್ ಗುಜರಿ ಅಂಗಡಿ ಸೇರಿ ಮೂವರು ಸತ್ತರು. ನಮ್ಮಲ್ಲೇ, 2010ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಗಾಮಾ ಸೆಲ್ (ಕೋಬಾಲ್ಟ್-60 ಇದ್ದ ಪ್ರಯೋಗಾಲಯದ ಉಪಕರಣ) ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹೋಯಿತು. ಒಬ್ಬ ಸತ್ತ, ಹಲವರು ತೀವ್ರವಾಗಿ ಅಸ್ವಸ್ಥರಾದರು. ಅದನ್ನು ಯಾರೂ ಕದ್ದಿರಲಿಲ್ಲ! 1985ರಿಂದ ಬಳಕೆಯಲ್ಲಿಲ್ಲದ ಆ ಉಪಕರಣವನ್ನು ಸಂಸ್ಥೆಯೇ ಹಳೇ ಸಾಮಾನಿನೊಂದಿಗೆ ಹರಾಜು ಹಾಕಿತ್ತು.

ನಿಮ್ಮ ಗುಜರಿಯವನ ವಿಷಯ ಇದಕ್ಕೇ ಮುಖ್ಯ. ಅವನು ಬಂದದ್ದು ತಪ್ಪಲ್ಲ. ಮೂರನೇ ಸಲ ಬಂದಾಗ ಅವನಿಗೆ ಉತ್ತರ ಕೊಡುವವರು ಯಾರು, ಅದೇ ಪ್ರಶ್ನೆ. ಬಳಕೆಯಲ್ಲಿರುವ ಸೋರ್ಸನ್ನು ದಿನಾ ಹತ್ತು ಕಣ್ಣು ನೋಡುತ್ತವೆ: ಫಿಸಿಸಿಸ್ಟ್, ಟೆಕ್ನಿಷಿಯನ್, ರೋಗಿ, ಆಯಾ. ಬಳಕೆ ನಿಂತ ದಿನದಿಂದ ಆ ಕಣ್ಣುಗಳು ಒಂದೊಂದಾಗಿ ಹೋಗುತ್ತವೆ, ಸೋರ್ಸ್ ಮಾತ್ರ ಉಳಿಯುತ್ತದೆ. ಅದರ ಬಗ್ಗೆ ಗೊತ್ತಿದ್ದವರು ನಿವೃತ್ತರಾಗುತ್ತಾರೆ, ಹೊಸ ಟ್ರಸ್ಟಿಗೆ ಅದು ‘ಹಳೇ ಮಷೀನು’. ಆದ್ದರಿಂದ ಈ ವಾರವೇ ಮಾಡಬೇಕಾದ ಮೊದಲ ಕೆಲಸಕ್ಕೆ ಬೀಗವೂ ಬೇಡ, ಕ್ಯಾಮೆರಾವೂ ಬೇಡ. ಆಸ್ತಿ ರಿಜಿಸ್ಟರಿನಲ್ಲಿ ಆ ಯಂತ್ರದ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಬರೆಸಿ: ‘ಒಳಗೆ ವಿಕಿರಣ ಮೂಲವಿದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಮಾರಾಟ, ಹರಾಜು, ಸ್ಥಳಾಂತರ ಇಲ್ಲ.’ ಸೋರ್ಸಿನ ಸೀರಿಯಲ್ ನಂಬರು, ಹಾಕಿದ ದಿನಾಂಕ, ಆಗಿನ ಬಲ ಅದೇ ಸಾಲಿನಲ್ಲಿರಲಿ. ಇದರ ಒಂದು ಪ್ರತಿ ಲೆಕ್ಕಪತ್ರ ವಿಭಾಗಕ್ಕೆ, ಇನ್ನೊಂದು ಸ್ಟೋರ್ಸಿಗೆ, ಮತ್ತೊಂದು ಕಟ್ಟಡ ಕೆಡವುವ ಗುತ್ತಿಗೆದಾರನ ಕಡತಕ್ಕೆ. ಯಂತ್ರದ ಮೇಲೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರೆಸಿ. ಮೂರು ಎಸಳಿನ ಹಳದಿ ಚಿಹ್ನೆ ಎಲ್ಲರಿಗೂ ಅರ್ಥವಾಗುವುದಿಲ್ಲ. 2007ರಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ಚಿಹ್ನೆಯನ್ನು ಹೊಸದಾಗಿ ತಂದದ್ದೇ ಅದಕ್ಕೆ.

ಇನ್ನು ಕಾವಲು. ಯಾವುದೇ ಭದ್ರತೆಗೆ ಮೂರು ಭಾಗ: ಒಳನುಗ್ಗುವಿಕೆ ಗೊತ್ತಾಗಬೇಕು, ನುಗ್ಗುವವರಿಗೆ ತಡವಾಗಬೇಕು, ಆ ತಡದೊಳಗೆ ತಡೆಯುವವರು ಬಂದು ಮುಟ್ಟಬೇಕು. ಮೂರೂ ಇದ್ದರೆ ಸಾಲದು, ಅವುಗಳ ಕ್ರಮವೂ ಸರಿಯಿರಬೇಕು. ಗೊತ್ತಾಗುವುದು ಮೊದಲು, ತಡೆ ಆಮೇಲೆ. ಉದಾಹರಣೆಗೆ, ನಿಮ್ಮ ಬಾಗಿಲು ಮುರಿಯಲು ಹತ್ತು ನಿಮಿಷ ಬೇಕು, ಅಲಾರಾಂ ಇರುವುದು ಬಾಗಿಲಿನ ಒಳಗೆ ಎಂದಿಟ್ಟುಕೊಳ್ಳಿ. ಆ ಹತ್ತು ನಿಮಿಷ ಪೂರ್ತಿ ವ್ಯರ್ಥ, ಏಕೆಂದರೆ ಬಾಗಿಲು ಮುರಿದ ಮೇಲಷ್ಟೇ ಗಂಟೆ ಬಾರಿಸುತ್ತದೆ. ಅದೇ ಅಲಾರಾಮನ್ನು ಬಾಗಿಲಿನ ಹೊರಗಿನ ಕಾರಿಡಾರಿಗೆ ತಂದರೆ ಹತ್ತು ನಿಮಿಷ ನಿಮ್ಮದಾಗುತ್ತದೆ. ರೆಕಾರ್ಡ್ ಮಾಡುವ, ಆದರೆ ಯಾರೂ ನೋಡದ ಸಿಸಿ ಕ್ಯಾಮೆರಾ ಪತ್ತೆ ಹಚ್ಚುವ ಸಾಧನ ಅಲ್ಲವೇ ಅಲ್ಲ, ಮಾರನೇ ದಿನದ ಸಾಕ್ಷಿ ಅಷ್ಟೇ. ಅಲಾರಾಂ ಕೂಗಿದಾಗ ಹೊಸ ಕಟ್ಟಡದ ಸೆಕ್ಯುರಿಟಿ ಕೋಣೆಯ ಪರದೆ ಮೇಲೆ ಆ ಕಾರಿಡಾರ್ ತಾನಾಗಿ ಮೂಡಬೇಕು, ಅದನ್ನು ನೋಡಿ ‘ಬೆಕ್ಕು’ ಅಥವಾ ‘ಮನುಷ್ಯ’ ಎಂದು ತೀರ್ಮಾನಿಸುವ ಒಬ್ಬ ಅಲ್ಲಿ ಎಚ್ಚರವಿರಬೇಕು.

ಪೊಲೀಸರು ಬರಲು ಎಷ್ಟು ಹೊತ್ತು? ಇದನ್ನು ಊಹಿಸಬೇಡಿ, ಅಳೆಯಿರಿ. ಠಾಣೆಯ ಇನ್‌ಸ್ಪೆಕ್ಟರರನ್ನು ಮೊದಲೇ ಕಂಡು, ಕೋಣೆ ತೋರಿಸಿ, ಒಪ್ಪಿಗೆ ಪಡೆದು, ರಾತ್ರಿ ಎರಡು ಗಂಟೆಗೆ ಒಂದು ಅಣಕು ಕರೆ ಮಾಡಿ ಗಡಿಯಾರ ನೋಡಿ. ಹದಿನೆಂಟು ನಿಮಿಷ ಎಂದು ಬಂದರೆ, ಅಲಾರಾಂ ಕೂಗಿದ ಮೇಲಿನ ನಿಮ್ಮ ತಡೆಗಳೆಲ್ಲ ಸೇರಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕು. ಹ್ಯಾಂಡ್ ಗ್ರೈಂಡರಿಗೆ ಸಾಧಾರಣ ಬೀಗ ಒಂದೆರಡು ನಿಮಿಷದ ಕೆಲಸ, ಹಾಗಾಗಿ ಒಂದು ಬೀಗವನ್ನು ನಂಬಿ ಕೂರುವಂತಿಲ್ಲ. ಕಾರಿಡಾರಿಗೆ ಒಂದು ಕಬ್ಬಿಣದ ಗ್ರಿಲ್, ಆಮೇಲೆ ಕೋಣೆಯ ಬಾಗಿಲು, ಆಮೇಲೆ ಯಂತ್ರ ಅಲ್ಲಾಡಿದರೆ ಕೂಗುವ ಸೆನ್ಸರ್ ಹೀಗೆ ಪದರ ಪದರವಾಗಿರಲಿ. ಇನ್‌ಸ್ಪೆಕ್ಟರ್ ವರ್ಗವಾಗಿ ಹೊಸಬರು ಬಂದಾಗಲೆಲ್ಲ ಕೋಣೆ ಮತ್ತೆ ತೋರಿಸಬೇಕು. ಅಪಾಯ ಏನೆಂದು ಗೊತ್ತಿಲ್ಲದ ಪೇದೆ, ಕಳ್ಳರು ತೆರೆದಿಟ್ಟು ಹೋದ ಹೆಡ್ಡಿನ ಪಕ್ಕದಲ್ಲಿ ಪಂಚನಾಮೆಗೆ ಕೂತರೆ ಅವರ ಜೀವಕ್ಕೇ ಕುತ್ತು.

ಬಾಗಿಲನ್ನು ಒಮ್ಮೆ ಹತ್ತಿರದಿಂದ ನೋಡಿ. ಚಿಕಿತ್ಸಾ ಕೋಣೆಯ ಬಾಗಿಲು ವಿಕಿರಣ ತಡೆಯಲು ಮಾಡಿದ್ದು, ಕಳ್ಳರನ್ನು ತಡೆಯಲು ಅಲ್ಲ. ಹಲವೆಡೆ ಹಿಂಜ್‌ಗಳ ಪಿನ್ನು ಕಾರಿಡಾರಿನ ಕಡೆಗೇ ಇರುತ್ತದೆ. ಒಂದು ಸುತ್ತಿಗೆ, ಒಂದು ಉಳಿ ಇದ್ದರೆ ಬೀಗ ಮುಟ್ಟದೆ ಬಾಗಿಲು ಕಳಚಬಹುದು. ಪಿನ್ನಿನ ತಲೆಗೆ ವೆಲ್ಡಿಂಗ್ ಹಾಕಿಸಿ. ಚಿಲಕದ ಬೋಲ್ಟು ಹೊರಗಿನಿಂದ ಸ್ಪ್ಯಾನರಿಗೆ ಸಿಗುವಂತಿದ್ದರೆ ಅದನ್ನೂ ವೆಲ್ಡ್ ಮಾಡಿಸಿ. ಬೀಗದ ಕಮಾನು ಹೊರಗೆ ಕಾಣದಂತೆ ಉಕ್ಕಿನ ಕವಚವಿರುವ ಬೀಗ ಎರಡು ಹಾಕಿ. ಕೀಲಿಕೈಗಳು ಇಬ್ಬರು ಬೇರೆ ಬೇರೆ ಜನರಲ್ಲಿರಲಿ, ಒಬ್ಬರೇ ಒಳಹೋಗುವಂತೆ ಇರಬಾರದು. ನಕಲಿ ಕೀಲಿಕೈ ಎಷ್ಟಿವೆ ಎಂಬುದಕ್ಕೆ ಸಹಿ ಹಾಕಿದ ಲೆಕ್ಕ ಇಲ್ಲದಿದ್ದರೆ ಬೀಗವನ್ನೇ ಬದಲಿಸುವುದು ಅಗ್ಗ. ಕೆಲಸ ಬಿಟ್ಟವರ ಪಾಸ್‌ವರ್ಡು, ಕೀಲಿಕೈ ಅದೇ ದಿನ ರದ್ದಾಗಬೇಕು. ಒಳಗಿನವರ ಸಹಾಯವಿದ್ದರೆ ಕಳ್ಳತನ ಎಷ್ಟೋ ಸುಲಭ.

ಮರೆತೇಹೋಗುವ ಒಂದು ಅಂಶ ಕರೆಂಟು. ಕಟ್ಟಡ ಖಾಲಿಯಾದ ಮೇಲೆ ಹೆಸ್ಕಾಂ ಬಿಲ್ಲು ಉಳಿಸಲು ಸಂಪರ್ಕ ಕಡಿತ ಮಾಡಿಸುತ್ತಾರೆ. ಅಲಾರಾಂ ಯುಪಿಎಸ್ ಬ್ಯಾಟರಿಯಲ್ಲಿ ಕೆಲವು ಗಂಟೆ ಓಡಿ ಸುಮ್ಮನಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಟರಿ ಇಳಿದಾಗ, ತಂತಿ ತುಂಡಾದಾಗಲೂ ಕೂಗುವ ವ್ಯವಸ್ಥೆಯೇ ಬೇಕು.

ಯಂತ್ರ ಇದೆ ಎಂದರೆ ಸೋರ್ಸ್ ಇದೆ ಎಂದಲ್ಲ. ವಾರಕ್ಕೊಮ್ಮೆ ಆರ್‌ಎಸ್‌ಒ ಅಥವಾ ಅವರು ತರಬೇತಿ ಕೊಟ್ಟವರು ಹೆಡ್ಡಿನ ಮೇಲೆ ಗುರುತು ಮಾಡಿದ ಒಂದೇ ಜಾಗದಲ್ಲಿ, ಒಂದೇ ದೂರದಲ್ಲಿ ಮೀಟರ್ ಹಿಡಿದು ರೀಡಿಂಗ್ ಬರೆಯಬೇಕು. ನಂಬರಿರುವ ಸೀಲ್ ಹಾಕಿ, ಅದರ ನಂಬರನ್ನೂ ಪ್ರತಿ ವಾರ ಹೋಲಿಸಿ. ಇಲ್ಲಿ ಎರಡು ತಪ್ಪು ಆಗುತ್ತವೆ. ರೀಡಿಂಗ್ ಕಡಿಮೆ ಬಂದರೆ ‘ಸದ್ಯ, ಒಳ್ಳೆಯದಾಯಿತು’ ಎಂದುಕೊಳ್ಳುವುದು ಮೊದಲನೆಯದು. ಹೆಡ್ಡಿನ ಹತ್ತಿರ ಬರೀ ಹಿನ್ನೆಲೆಯಷ್ಟೇ ಬಂದರೆ ಒಂದೋ ಮೀಟರ್ ಸತ್ತಿದೆ, ಇಲ್ಲವೇ ಸೋರ್ಸ್ ಅಲ್ಲಿಲ್ಲ. ಕೋಣೆಗೆ ಹೋಗುವ ಮೊದಲೇ ಮೀಟರಿನ ಬ್ಯಾಟರಿ ಪರೀಕ್ಷಿಸಿ, ಚೆಕ್ ಸೋರ್ಸಿಗೆ (ಮೀಟರ್ ಪರೀಕ್ಷೆಗೆಂದೇ ಇರುವ ಅತಿ ದುರ್ಬಲ ವಿಕಿರಣ ಮೂಲಕ್ಕೆ) ಹಿಡಿದು ಮುಳ್ಳು ಏಳುತ್ತದೆಯೇ ನೋಡುವುದು ಅದಕ್ಕೇ. ಎರಡನೆಯದು ಕೂತಲ್ಲೇ ಬರೆಯುವುದು. ಕೋಬಾಲ್ಟ್ ತಿಂಗಳಿಗೆ ಶೇ 1ರಷ್ಟು, ವರ್ಷಕ್ಕೆ ಶೇ 12ರಷ್ಟು ಇಳಿಯಲೇಬೇಕು. ವರ್ಷಪೂರ್ತಿ ಒಂದೇ ಸಂಖ್ಯೆ ಇರುವ ಪುಸ್ತಕ ಕಂಡರೆ, ಕೋಣೆಗೆ ಯಾರೂ ಹೋಗಿಲ್ಲ ಎಂದೇ ತಿಳಿಯಿರಿ. ನಾಲ್ಕು ವರ್ಷದ ನಿಮ್ಮ ಪುಸ್ತಕವನ್ನು ಇವತ್ತೇ ತೆರೆದು ನೋಡಿ.

ಕಾಂಕ್ರೀಟ್ ಸುರಿಯುವ ಯೋಚನೆ ಬಿಟ್ಟುಬಿಡಿ. ಮೇಲ್ನೋಟಕ್ಕೆ ಅದು ಭದ್ರ ಅನಿಸುತ್ತದೆ, ಆದರೆ ಸೋರ್ಸನ್ನು ವಾರಕ್ಕೊಮ್ಮೆ ನೋಡುವ ದಾರಿಯನ್ನೇ ಮುಚ್ಚುತ್ತದೆ. ಮುಂದೆ ಯಾವತ್ತೋ ಆ ಗಟ್ಟಿಯನ್ನು ಡ್ರಿಲ್ ಹಾಕಿ ಒಡೆಯುವವನಿಗೆ ಒಳಗೇನಿದೆ ಎಂದು ಗೊತ್ತಿರುವುದಿಲ್ಲ. ಅನುಮತಿಯಿಲ್ಲದೆ ಹೂಳುವುದು 2004ರ ವಿಕಿರಣ ಸಂರಕ್ಷಣಾ ನಿಯಮಗಳ ಉಲ್ಲಂಘನೆ ಕೂಡ.

ಉಳಿಯುವ ದಾರಿಗಳು ಮೂರು. ಹೊಸ ಸೋರ್ಸ್ ಹಾಕಿಸಿ ಯಂತ್ರವನ್ನು ಮತ್ತೆ ಓಡಿಸಬಹುದು. ಕೋಬಾಲ್ಟ್ ಚಿಕಿತ್ಸೆ ಈಗಲೂ ಉಪಯುಕ್ತವೇ, ಆದರೆ ಕಟ್ಟಡ ಕೆಡವಲು ಹೊರಟವರಿಗೆ ಇದು ಹೊಂದುವುದಿಲ್ಲ. ಲೈಸೆನ್ಸ್ ಇರುವ ಇನ್ನೊಂದು ಆಸ್ಪತ್ರೆಗೆ ಯಂತ್ರ ಕೊಡಬಹುದು. ಇಷ್ಟು ದುರ್ಬಲ ಸೋರ್ಸ್ ಯಾರಿಗೂ ಬೇಡ, ಒಯ್ಯುವವರೂ ಸೋರ್ಸ್ ಬೇರೆ ಹಾಕಿಸಿಕೊಳ್ಳಬೇಕು. ಮೂರನೆಯದು ಸೋರ್ಸನ್ನು ಮೂಲ ಸರಬರಾಜುದಾರರಿಗೆ ಹಿಂತಿರುಗಿಸುವುದು. ದೇಶೀಯ ಸೋರ್ಸ್ ಆಗಿದ್ದರೆ ನವಿ ಮುಂಬೈ ವಾಶಿಯಲ್ಲಿರುವ, ಕೇಂದ್ರದ ಅಣುಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆ. ವಿದೇಶಿಯಾಗಿದ್ದರೆ ಅಲ್ಲಿನ ಕಂಪನಿ. ನನ್ನ ಮಟ್ಟಿಗೆ ನಿಮಗೆ ಸರಿಹೊಂದುವುದು ಈ ಮೂರನೆಯದು, ಅದೂ ತಡಮಾಡದೆ. ಖರ್ಚು ನಿಮ್ಮದೇ: ಸೋರ್ಸ್ ಯಾರ ಲೈಸೆನ್ಸಿನಲ್ಲಿದೆಯೋ ಹೊಣೆ ಅವರದು. ಟ್ರಸ್ಟಿನ ಈ ವರ್ಷದ ಬಜೆಟ್ಟಿನಲ್ಲೇ ಹಣ ತೆಗೆದಿಡಿಸಿ.

ಅರ್ಜಿ ಹೋಗುವುದು ಮಂಡಳಿಯ ಇ-ಲೋರಾ ಜಾಲತಾಣದಲ್ಲಿ. ತೆಗೆದುಕೊಳ್ಳುವವರ ಒಪ್ಪಿಗೆ ಪತ್ರ, ಯಂತ್ರದ ಈಗಿನ ಸ್ಥಿತಿ, ಸಾಗಣೆಯ ಅನುಮತಿ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯಬಹುದು. ತಡವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹಳೇ ಮಾದರಿಯ ಹೆಡ್ಡಿಗೆ ಹೊಂದುವ, ಪ್ರಮಾಣಪತ್ರ ಚಾಲ್ತಿಯಲ್ಲಿರುವ ಸಾಗಣೆ ಫ್ಲಾಸ್ಕ್ (ಸೋರ್ಸ್ ಇಟ್ಟು ಒಯ್ಯುವ ದಪ್ಪ ಕವಚದ ಪೆಟ್ಟಿಗೆ) ಸಿಗುವುದಿಲ್ಲ. ಇಲ್ಲವೇ ನಾಲ್ಕು ವರ್ಷ ಓಡದ ಯಂತ್ರದ ಸೋರ್ಸ್ ಡ್ರಾಯರ್ (ಸೋರ್ಸನ್ನು ಹಿಡಿದು ಸರಿಸುವ ಭಾಗ) ಸಿಕ್ಕಿಹಾಕಿಕೊಂಡಿರುತ್ತದೆ. ಇದನ್ನು ಸಡಿಲಿಸಲು ಆಸ್ಪತ್ರೆಯ ಮೆಕ್ಯಾನಿಕ್ ಕೈಹಾಕಲೇಬಾರದು, ಅಧಿಕೃತ ಎಂಜಿನಿಯರ್‌ಗಳೇ ಬರಬೇಕು. ಇನ್ನೊಂದು ಎಡವಟ್ಟು ನಿಮ್ಮ ಕೈಯಲ್ಲೇ ಇದೆ: ಫ್ಲಾಸ್ಕಿನ ತೂಕ ಟನ್ನುಗಳಲ್ಲಿ. ಕಟ್ಟಡ ಕೆಡವುವವರು ಮೊದಲು ರ‍್ಯಾಂಪ್ ಒಡೆದರೆ ಅದನ್ನು ನೆಲಮಾಳಿಗೆಗೆ ಇಳಿಸಲು ದಾರಿ ಇರುವುದಿಲ್ಲ. ಸೋರ್ಸ್ ಹೋಗುವ ತನಕ ಆ ಕಟ್ಟಡಕ್ಕೆ ಒಂದು ಹಾರೆಯೂ ಬೀಳಬಾರದು.

ಸಾಗಣೆಯ ದಿನಾಂಕ ತಿಳಿದವರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 2013ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ, ಆಸ್ಪತ್ರೆಯೊಂದರ 111 ಟೆರಾಬೆಕೆರೆಲ್ ಕೋಬಾಲ್ಟ್ ಹೊತ್ತ ಲಾರಿ ಪೆಟ್ರೋಲ್ ಬಂಕ್ ಬಳಿ ನಿಂತಿದ್ದಾಗ ಕಳುವಾಯಿತು. ಎರಡು ದಿನದ ಮೇಲೆ ಸೋರ್ಸ್ ಸಿಕ್ಕಿತು, ಕವಚದಿಂದ ಹೊರಗೆ. ಕದ್ದವರಿಗೆ ಒಳಗೇನಿದೆ ಎಂಬುದು ತಿಳಿದಿರಲಿಲ್ಲ ಎಂದೇ ಅಲ್ಲಿನ ಅಧಿಕಾರಿಗಳು ಅಂದಾಜಿಸಿದರು. ಲಾರಿ ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿ ಕಾವಲು ಯಾರು, ಇದನ್ನು ಸಾಗಿಸುವವರಿಂದ ಬರಹದಲ್ಲಿ ಕೇಳಿ.

ಅಷ್ಟರೊಳಗೆ ಎಂದಾದರೂ ಸೀಲ್ ಒಡೆದಿದ್ದು, ರೀಡಿಂಗ್ ಹಿನ್ನೆಲೆಗೆ ಇಳಿದಿದ್ದು ಅಥವಾ ಬಾಗಿಲಿನಲ್ಲೇ ಮುಳ್ಳು ವಿಪರೀತ ಏರಿದ್ದು ಕಂಡರೆ ಯಾರೂ ಒಳಗೆ ಹೋಗಿ ಹುಡುಕಬಾರದು. ಎಲ್ಲರನ್ನೂ ಹೊರಗೆ ಕಳಿಸಿ, ದಾರಿ ತಡೆದು, ಆರ್‌ಎಸ್‌ಒ, ಮಂಡಳಿ ಮತ್ತು 112ಕ್ಕೆ ಕೂಡಲೇ ತಿಳಿಸಿ. ‘ಮೊದಲು ನಾವೇ ಹುಡುಕೋಣ, ಹೆಸರು ಕೆಡುತ್ತದೆ’ ಎಂದು ಕಳೆಯುವ ಒಂದೊಂದು ಗಂಟೆಯೂ ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಸುತ್ತಲಿನ ಗುಜರಿ ಅಂಗಡಿಯವರಿಗೂ ಆ ಹೆಡ್ಡಿನ ಚಿತ್ರ ತೋರಿಸಿ ಎಚ್ಚರಿಸುವ ಕೆಲಸ ಪೊಲೀಸರ ಮೂಲಕ ಆಗಲಿ.

ಸೋರ್ಸ್ ಹೋದ ಮೇಲೂ ಸ್ವಲ್ಪ ಕೆಲಸ ಉಳಿಯುತ್ತದೆ. ತಲುಪಿದ ರಸೀದಿಯಲ್ಲಿನ ಸೀರಿಯಲ್ ನಂಬರನ್ನು ನಿಮ್ಮ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಇ-ಲೋರಾದಲ್ಲಿ ದಾಖಲೆ ತಿದ್ದಿಸಿ. ಕೆಲವು ಹೆಡ್ಡುಗಳ ಕವಚದಲ್ಲಿ ಕ್ಷೀಣಿತ ಯುರೇನಿಯಂ ಇರುತ್ತದೆ, ಅದು ತಾನೂ ಸ್ವಲ್ಪ ವಿಕಿರಣಶೀಲವಾದ ಭಾರಲೋಹ. ಸೋರ್ಸ್ ತೆಗೆದ ಖಾಲಿ ಹೆಡ್ಡೂ ಆಗ ಗುಜರಿಗೆ ಹೋಗುವಂತಿಲ್ಲ, ಅದಕ್ಕೂ ಬೇರೆ ಅನುಮತಿ ಬೇಕು. ತಯಾರಕರ ದಾಖಲೆ ನೋಡದೆ ಹೆಡ್ಡನ್ನು ಕೈಬಿಡಬೇಡಿ. ಕೋಣೆಯನ್ನು ಮೀಟರಿನಲ್ಲಿ ಪೂರ್ತಿ ಅಳೆಸಿ, ಸ್ವಚ್ಛವಿದೆ ಎಂಬ ವರದಿ ಕೈಗೆ ಬಂದ ಮೇಲೆ ವಿಕಿರಣದ ಫಲಕಗಳನ್ನೆಲ್ಲ ತೆಗೆಸಿ. ಖಾಲಿ ಕೋಣೆಯ ಮೇಲೆ ಅವು ಉಳಿದರೆ ಜನ ಆ ಫಲಕವನ್ನು ಲೆಕ್ಕಿಸದಿರುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಗುತ್ತಿಗೆದಾರನಿಗೆ ಕಟ್ಟಡ ಬಿಟ್ಟುಕೊಡುವುದು ಆಮೇಲೆ.